ಸುಂದರಿಯ ಮಲಬಾರ್ ಹಿಲ್

ಮಲಬಾರ್ ಹಿಲ್, ಮುಂಬಯಿ
10 ಫೆಬ್ರವರಿ 2025

ಸುಂದರಿ,

ನನ್ನ ಕಾಗದ ನೋಡಿ ನಿನಗೆ ಆಶ್ಚರ್ಯವಾದೀತು. ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದೆವು, ಒಬ್ಬರಿಗೊಬ್ಬರು ಕಾಗದ ಬರೆಯುವ ಸಂದರ್ಭವೇ ಬರಲಿಲ್ಲ. ನೀನು ಮರವಂತೆಗೆ ಹೋಗಿ ಮೂರು ತಿಂಗಳಾಯಿತು. ಮೊನ್ನೆ ಫೋನ್ ಮಾಡಿದ್ದೆ. ನಿನ್ನ ಅಣ್ಣನ ಮಗ ರತನ್‌ನ ಹೆಂಡತಿ ಸ್ನೇಹಲತಾ ತೆಗೆದುಕೊಂಡಳು. "ಅತ್ತಿಯವ್ರಿಗೆ ಫೋನಂಗೆ ಮಾತ್ ಕೇಂತಿಲ್ಲ ಅಮ್ಮ, ಕಾಗ್ದ ಬರೀನಿ, ಓದ್ತ್ರ್" ಎಂದಳು. ಫೋನಿನಲ್ಲಿ ನಿನಗೆ ಕೇಳಿಸದಾದರೆ ಕಾಗದವೇ ಸರಿ ಎಂದು ಬರೆಯುತ್ತಿದ್ದೇನೆ.

ನನ್ನ ಮಂಡಿ ನೋವು ನಿನಗೆ ಗೊತ್ತೇ ಇದೆ. ಈಗ ಶುಗರ್ ಕೂಡ ಏರಿದೆ. ಡಾಕ್ಟರು ದಿನಾ ನಡೆಯಲೇಬೇಕು ಎಂದಿದ್ದಾರೆ. ನನ್ನ ಮಗರಾಯ ಮಿಥುನ್ ಅದಕ್ಕೊಂದು ಮೆಷೀನು ತಂದು ಹಾಲ್‌ನಲ್ಲಿ ಇಟ್ಟಿದ್ದಾನೆ. ಅರ್ಧ ಗಂಟೆ ನಡೆದರೂ ಎದುರಿಗೆ ಅದೇ ಗೋಡೆ, ಹಾರ ಹಾಕಿದ ನಮ್ಮವರ, ನಿನ್ನ ಧಣಿಗಳ, ಅದೇ ಫೋಟೋ. ಅವರೂ ನನ್ನನ್ನು ನೋಡಿ ನೋಡಿ ಬೇಸತ್ತಿರಬೇಕು.

ಕಳೆದ ಗುರುವಾರ ಒಬ್ಬಳೇ ಕೆಳಗೆ ಇಳಿದೆ. ವಾಚ್‌ಮನ್ ಡ್ರೈವರನನ್ನು ಕರೆಯಲು ಓಡಿದ. ಕಾರು ಬೇಡ, ನಡೆಯುತ್ತೇನೆ ಎಂದೆ. ಮೈ ಸರಿಯಿದೆಯೋ ಇಲ್ಲವೋ ಎನ್ನುವ ಹಾಗೆ ನೋಡಿದ. ಗೇಟಿನ ಹೊರಗೆ ನಿಂತೆ ಸುಂದರಿ, ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ತಿಳಿಯಲಿಲ್ಲ. ಗುಲ್ವಾಡಿಯಿಂದ ಮದುವೆಯಾಗಿ ಬಂದವಳು ಈ ಗುಡ್ಡದ ಮೇಲೆ ಮೂವತ್ತನಾಲ್ಕು ವರ್ಷ ಕಳೆದಿದ್ದೇನೆ. ಒಡವೆ ಅಂಗಡಿಯ ಬಾಗಿಲು ಗೊತ್ತು, ಕ್ಲಬ್ಬಿನ ಬಾಗಿಲು ಗೊತ್ತು. ಎರಡರ ನಡುವಿನ ರಸ್ತೆ ಗೊತ್ತಿಲ್ಲ. ಹತ್ತು ನಿಮಿಷ ನಿಂತು, "ತುಂಬ ಬಿಸಿಲು" ಎಂದು ವಾಚ್‌ಮನ್‌ಗೆ ಹೇಳಿ ಮೇಲೆ ಬಂದೆ. ಆಗ ಸಂಜೆ ಐದೂವರೆ.

ನೀನು ದಿನಾ ನಾಲ್ಕು ಗಂಟೆಗೆ ಹೊರಗೆ ಹೋಗಿ ಆರಕ್ಕೆ ಬರುತ್ತಿದ್ದೆ. ತರಕಾರಿಗೆ ಎಂದುಕೊಂಡಿದ್ದೆ. ತರಕಾರಿಗೆ ಎರಡು ಗಂಟೆ ಬೇಡ ಎಂದು ಈಗ ಹೊಳೆಯುತ್ತಿದೆ. ಹೋಗುವಾಗಿನ ಮುಖವೇ ಬೇರೆ, ಬರುವಾಗಿನ ಮುಖವೇ ಬೇರೆ ಇರುತ್ತಿತ್ತು ನಿನ್ನದು. ಎಲ್ಲಿಗೆ ಹೋಗುತ್ತಿದ್ದೆ? ನಿನಗೆ ಇಷ್ಟವಾದ ಜಾಗಗಳನ್ನು ನನಗೂ ತಿಳಿಸು. ಬೇರೆ ಯಾವ ವಿಷಯಕ್ಕೂ ಉತ್ತರ ಕೊಡಬೇಕೆಂದಿಲ್ಲ. ಇದೊಂದನ್ನು ಬರೆ.

ಕುಸುಮಾವತಿ


ಮರವಂತೆ
24 ಫೆಬ್ರವರಿ 2025

ಕುಸುಮಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಮುಟ್ಟಿತು. ಕೇಳಿದ್ದೀರಿ, ಹೇಳುತ್ತೇನೆ.

ಗೇಟಿನಿಂದ ಎಡಕ್ಕೆ ತಿರುಗಿ. ಚಪ್ಪಲಿಯಲ್ಲಿ ಬೇಡ, ಮಿಥುನ್ ತಂದುಕೊಟ್ಟ ಬಿಳಿ ಬೂಟು ಕಪಾಟಿನ ಕೆಳಗಿನ ಅರೆಯಲ್ಲಿ ಡಬ್ಬಿಯೊಳಗೇ ಇದೆ. ದೊಡ್ಡ ಚೀಲ ಬೇಡ, ಒಂದು ಕರ್ಚೀಫು ಸಾಕು. ನೆರಳಿರುವ ಬದಿಯಲ್ಲೇ ನಡೆಯಿರಿ. ಹ್ಯಾಂಗಿಂಗ್ ಗಾರ್ಡನ್ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಒಳಗೆ ಹೋದ ತಕ್ಷಣ ಗಿಡಗಳನ್ನು ಆನೆ, ಒಂಟೆ ಮಾಡಿ ಕತ್ತರಿಸಿದ್ದು ಕಾಣುತ್ತದೆ. ಫೋಟೋ ತೆಗೆಯುವವರೆಲ್ಲ ಅಲ್ಲಿರುತ್ತಾರೆ. ಅಲ್ಲಿ ನಿಲ್ಲಬೇಡಿ. ಅವರನ್ನು ದಾಟಿ ಪಡುವಣ ಬದಿಗೆ ಹೋದರೆ ಮರದ ಕೆಳಗೆ ಒಂದು ಹಳೆಯ ಬೆಂಚು ಇದೆ, ಒಂದು ಕೈ ಮುರಿದದ್ದು. ಅಲ್ಲಿ ಕುಳಿತರೆ ಎಲೆಗಳ ನಡುವೆ, ತುಂಬ ಕೆಳಗೆ, ಸಮುದ್ರ ಕಾಣುತ್ತದೆ.

ಅಲ್ಲಿ ನಾನೇನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದೆ. ನೀವೂ ಹಾಗೇ ಮಾಡಿ. ಫೋನು ಮನೆಯಲ್ಲಿಡಿ.

ತೋಟದ ಮಾಲಿ ಉಲ್ಲಾಸ್ ಎಂದು. ಒಳ್ಳೆಯ ಮನುಷ್ಯ.

ಇತಿ
ಸುಂದರಿ


ಮಲಬಾರ್ ಹಿಲ್
12 ಮಾರ್ಚ್ 2025

ಸುಂದರಿ,

ಹೋದೆ. ಮೊದಲ ದಿನ ಒಂಟೆಯ ಹತ್ತಿರದಿಂದಲೇ ತಿರುಗಿ ಬಂದೆ, ಜನ ನೋಡಿ ಗಾಬರಿಯಾಯಿತು. ಎರಡನೆಯ ದಿನ ಬೆಂಚು ಸಿಕ್ಕಿತು. ಕುಳಿತೆ. ಐದು ನಿಮಿಷದಲ್ಲಿ ಬೇಸರ ಬಂತು. ಕೈಯಲ್ಲಿ ಫೋನಿಲ್ಲ, ಮಾತಿಗೆ ಜನವಿಲ್ಲ. ಹೀಗೆ ಸುಮ್ಮನೆ ಕೂರಲು ನನಗೆ ಬರುವುದಿಲ್ಲ ಎಂದು ಅರವತ್ತು ದಾಟಿದ ಮೇಲೆ ಗೊತ್ತಾಯಿತು. ನಾಲ್ಕನೆಯ ದಿನ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅವತ್ತು ಕತ್ತರಿ ಹಿಡಿದ ಮುದುಕನೊಬ್ಬ ಬಂದು ನಿಂತ. "ಇದು ಸುಂದರಿಬಾಯಿಯ ಜಾಗ" ಎಂದ, ನಾನು ಎದ್ದು ಹೋಗಬೇಕು ಎನ್ನುವ ಧಾಟಿಯಲ್ಲಿ.

"ನಾನು ಅವಳ ಮನೆಯವಳು" ಎಂದೆ. ಬಾಯಿಗೆ ಹಾಗೇ ಬಂತು.

"ಹಾಗಾದರೆ ಪತ್ರೊಡೆಯ ಕುಸುಮಕ್ಕ ನೀವೇನಾ!" ಎಂದು ಅವನು ಕತ್ತರಿ ಕೆಳಗಿಟ್ಟು ಕೈ ಮುಗಿದ. ಪ್ರತಿ ಮಳೆಗಾಲದಲ್ಲೂ ನಾನು ಅವನಿಗೆಂದು ಪತ್ರೊಡೆ ಮಾಡಿ ಕಳಿಸುತ್ತಿದ್ದೆನಂತೆ. ಅಂಥ ಪತ್ರೊಡೆ ಎಲ್ಲೂ ತಿಂದಿಲ್ಲವಂತೆ. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ನಾನು ಗಂಜಿ ಕಾಸಿ ಕಳಿಸಿದ್ದೆನಂತೆ.

ನಾನು ಪತ್ರೊಡೆ ಮಾಡಿ ಇಪ್ಪತ್ತು ವರ್ಷವಾಯಿತು ಸುಂದರಿ. ಗಂಜಿ ಕಾಸಿದ್ದಂತೂ ಯಾವ ಕಾಲದಲ್ಲೋ. ಎಲ್ಲ ನೀನು ಮಾಡಿದ್ದು. ಯಾಕೆ ನನ್ನ ಹೆಸರು ಹೇಳಿದೆ? ಅವನ ಎದುರು ತಲೆ ತಗ್ಗಿಸಿ, "ಈ ಮಳೆಗಾಲಕ್ಕೂ ಕಳಿಸುತ್ತೇನೆ" ಎಂದು ಬಂದಿದ್ದೇನೆ. ಕೆಸುವಿನ ಎಲೆಗೆ ಹಚ್ಚುವ ಅರೆದ ಅಕ್ಕಿಗೆ ಹುಣಸೆಹುಳಿ ಎಷ್ಟು ಹಾಕಬೇಕೆಂದು ಈಗ ನೀನೇ ಬರೆಯಬೇಕು.

ಇನ್ನೊಂದು ಜಾಗ ಹೇಳು.

ಕುಸುಮ


ಮರವಂತೆ
2 ಏಪ್ರಿಲ್ 2025

ಕುಸುಮಕ್ಕನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ನಗು ಬಂತು. ಸ್ನೇಹಲತಾ ಅಡುಗೆಮನೆಯಿಂದ ಬಂದು ನೋಡಿದಳು, ಇಲ್ಲಿಗೆ ಬಂದ ಮೇಲೆ ನಾನು ನಕ್ಕದ್ದು ಅವಳು ಕಂಡಿರಲಿಲ್ಲವಂತೆ.

ನಿಮ್ಮ ಹೆಸರು ಯಾಕೆ ಹೇಳಿದೆನೆಂದರೆ, ಅಕ್ಕಿ ನಿಮ್ಮದು, ಕಾಯಿ ನಿಮ್ಮದು, ಒಲೆ ನಿಮ್ಮದು. ನನ್ನದೆಂದು ಹೇಗೆ ಕೊಡಲಿ? ಕೇಳದೆ ಕೊಟ್ಟದ್ದು ತಪ್ಪೋ ಏನೋ. ಆದರೆ ನಿಮ್ಮ ಹೆಸರಿಗೆ ಆ ಗುಡ್ಡದಲ್ಲಿ ಮರ್ಯಾದೆ ಇರಲಿ ಎಂದೂ ಆಸೆ ಇತ್ತು. ನಿಂಬೆಹಣ್ಣಿನ ಗಾತ್ರದ ಹುಳಿ ಸಾಕು, ಎಲೆಯ ತುರಿಕೆ ಹೋಗುವಷ್ಟು.

ಈಗ ಇನ್ನೊಂದು ಜಾಗ. ತೀನ್ ಬತ್ತಿ ಸರ್ಕಲ್ಲಿನ ಹತ್ತಿರ ಹೂ ಮಾರುವ ಪ್ರಫುಲ್ಲಾತಾಯಿ ಇದ್ದಾಳೆ, ಮೂಗಿಗೆ ದೊಡ್ಡ ನತ್ತು. ಅವಳ ಹತ್ತಿರ ಒಂದು ಮೊಳ ಮಲ್ಲಿಗೆ ತೆಗೆದುಕೊಂಡು ಬಾಣಗಂಗೆಗೆ ದಾರಿ ಕೇಳಿ. ಓಣಿಯಲ್ಲಿ ಇಳಿಯುತ್ತಾ ಹೋದರೆ ಒಮ್ಮೆಲೇ ಕೆರೆ. ಸುತ್ತ ಕಲ್ಲಿನ ಮೆಟ್ಟಿಲು, ಗುಡಿಗಳು, ನೀರಿನಲ್ಲಿ ಬಾತುಕೋಳಿಗಳು. ಅಷ್ಟು ದೊಡ್ಡ ಬಿಲ್ಡಿಂಗುಗಳ ಕಾಲಬುಡದಲ್ಲಿ ಹಾಗೊಂದು ಊರು ಇದೆ ಎಂದು ಮೊದಲ ಸಲ ನೋಡಿದಾಗ ನನಗೂ ನಂಬಿಕೆ ಬಂದಿರಲಿಲ್ಲ. ಮೆಟ್ಟಿಲು ಇಳಿಯುವಾಗ ಎಡಗಾಲು ಮೊದಲು ಇಳಿಸಿ, ಭಾರ ಬಲಗಾಲಿನ ಮೇಲಿರಲಿ, ಎಡ ಮಂಡಿ ತಾನೇ ನಿಮಗೆ ನೋಯುವುದು.

ಇಲ್ಲಿ ನನಗೆ ನಾಲ್ಕು ಗಂಟೆಯಾದರೆ ಕೈಕಾಲು ಆಡುವುದಿಲ್ಲ. ಹೋಗಲು ಒಂದು ಜಾಗವಿಲ್ಲ. ಸ್ನೇಹಲತಾ ಹೇಳುತ್ತಾಳೆ, "ಅತ್ತಿ, ಎದ್ರಿಗೇ ಸಮುದ್ರ ಇತ್ತಲೆ, ಅಲ್ ಹೋಯಿ ಕೂಕಣಿ." ಅವಳಿಗೆ ಹೇಗೆ ಹೇಳಲಿ? ನಾನು ಈ ಸಮುದ್ರದ ಶಬ್ದ ಕೇಳಿಕೊಂಡೇ ಬೆಳೆದವಳು. ಈಗ ಅಷ್ಟೆತ್ತರದ ಅಲೆ ಎದ್ದು ಬಿದ್ದು ಒಡೆಯುತ್ತದೆ, ಒಂದಿಷ್ಟೂ ಸದ್ದಿಲ್ಲ. ಹೆದರಿಕೆಯಾಗುತ್ತದೆ ಕುಸುಮಕ್ಕ. ಬೆನ್ನು ಹಾಕಿ ಕೂರಲು ಧೈರ್ಯ ಬರುವುದಿಲ್ಲ. ಆ ಬೆಂಚಿನಿಂದ ಕಾಣುವ ಸಮುದ್ರ ಎಷ್ಟು ಕೆಳಗಿತ್ತೆಂದರೆ ಅದರ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಅಲ್ಲಿ ನಾನೂ ಎಲ್ಲರ ಹಾಗೆ.

ಮರವಂತೆಯವಳಿಗೆ ಮುಂಬಯಿ ನೆನಪಾಗುತ್ತದೆ ಎಂದರೆ ಇಲ್ಲಿ ನಗುತ್ತಾರೆ. ಅದಕ್ಕೇ ಯಾರ ಹತ್ತಿರವೂ ಹೇಳಿಲ್ಲ.

ಇತಿ
ಸುಂದರಿ


ಮಲಬಾರ್ ಹಿಲ್
20 ಏಪ್ರಿಲ್ 2025

ಪ್ರೀತಿಯ ಸುಂದರಿ,

ಈ ಕಾಗದ ಬರೆಯಲು ನಾಲ್ಕು ದಿನ ತೆಗೆದುಕೊಂಡೆ.

ಪ್ರಫುಲ್ಲಾತಾಯಿಯ ಹತ್ತಿರ ಮಲ್ಲಿಗೆ ತೆಗೆದುಕೊಂಡೆ. ಬಾಣಗಂಗೆ ಎಂದ ಕೂಡಲೇ ನನ್ನ ಮುಖ ನೋಡಿ, "ಸುಂದರಿ ಕಳಿಸಿದಳಾ?" ಎಂದಳು. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ನನ್ನ ಜೊತೆ ತಾನೇ ಬಂದಳು. ಮೆಟ್ಟಿಲು ಇಳಿಯುವಾಗ ಕೈ ಹಿಡಿದುಕೊಂಡಳು. ಇಬ್ಬರೂ ಕೆಳಗೆ ಕುಳಿತೆವು. ಒಂದು ಬಾತುಕೋಳಿ ನನ್ನ ಸೀರೆಯ ಅಂಚು ಎಳೆಯಿತು. ನಾನು ಚಿಕ್ಕ ಹುಡುಗಿಯ ಹಾಗೆ ಕೂಗಿಕೊಂಡೆ.

ಆಮೇಲೆ ಅವಳು ಕೇಳಿದಳು, "ಸುಂದರಿಗೆ ಕಿವಿ ಸ್ವಲ್ಪವಾದರೂ ಕೇಳುತ್ತದೆಯಾ ಈಗ?"

"ಅದು ಹೋದದ್ದು ಮೊನ್ನೆ ಮೊನ್ನೆ. ಅಡುಗೆಮನೆಯಲ್ಲಿ ಹೊಗೆ ತುಂಬಿದಾಗ ನಮಗೆ ಗೊತ್ತಾಯಿತು" ಎಂದೆ.

ಅವಳು ನನ್ನ ಕಡೆ ತಿರುಗಿ ಕುಳಿತಳು. "ಇಲ್ಲ ಬಾಯಿ. ಎರಡು ವರ್ಷ ಮೊದಲೇ ಹೋಗಿತ್ತು. ನಾನು ಮುಖಕ್ಕೆ ಮುಖ ಕೊಟ್ಟು ನಿಧಾನ ಮಾತಾಡುತ್ತಿದ್ದೆ, ಅವಳು ತುಟಿ ನೋಡಿ ತಿಳಿಯುತ್ತಿದ್ದಳು. ಒಂದೇ ಮನೆಯಲ್ಲಿದ್ದು ನಿಮಗೆ ಗೊತ್ತಾಗಲಿಲ್ಲವಾ?"

ಅವಳು ಬೈದು ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು.

ಅವಳಿಗೆ ಕೊಡಬೇಕಾಗಿದ್ದ ಉತ್ತರ ನಿನಗೆ ಬರೆಯುತ್ತಿದ್ದೇನೆ. ನಾನು ಹೇಳುತ್ತಿದ್ದೆ, ನೀನು ಮಾಡುತ್ತಿದ್ದೆ. ಚಹಾ ತಾ ಎಂದರೆ ಚಹಾ ಬರುತ್ತಿತ್ತು, ಹೇಳದಿದ್ದರೂ ಆ ಹೊತ್ತಿಗೆ ಬರುತ್ತಿತ್ತು. ನಿನ್ನಿಂದ ಒಂದು ಉತ್ತರ ಬೇಕೆಂದು ನಾನು ಯಾವತ್ತೂ ಕಾದಿಲ್ಲ. ಕಾದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಆ ದಿನ ನೀನು ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದೆ. ಒಳಗೆ ಕುಕ್ಕರ್ ಸೀಟಿ ಹೊಡೆದು ಹೊಡೆದು ನೀರು ಆರಿ ಬೇಳೆ ಸುಟ್ಟು ಹೋಯಿತು. ಮಿಥುನ್ ಹೆದರಿದ. ಅಮ್ಮನೊಬ್ಬಳೇ ಇರುವ ಮನೆ, ಗ್ಯಾಸು, ಇವಳಿಗೆ ಕಿವಿ ಕೇಳುವುದಿಲ್ಲ ಎಂದ. ನಿನಗೆ ಕೊಡಬೇಕಾದ್ದನ್ನೆಲ್ಲ ಕೊಟ್ಟು ಊರಿಗೆ ಕಳಿಸುತ್ತೇನೆ ಎಂದ. ನಾನು ಬೇಡ ಎನ್ನಲಿಲ್ಲ. ನೀನು ಹೊರಟ ದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತೆ. ಲಿಫ್ಟಿನ ಬಾಗಿಲು ಮುಚ್ಚಿದ್ದು ಕೇಳಿಸಿತು. ನಿನ್ನನ್ನು ಕಳಿಸಿಕೊಡಲು ಮುಖವಿರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ತಪ್ಪು ನನ್ನದು ಸುಂದರಿ. ಕ್ಷಮಿಸು ಎಂದು ಕೇಳುತ್ತಿದ್ದೇನೆ.

ನಿನ್ನ
ಕುಸುಮ


ಮಲಬಾರ್ ಹಿಲ್
30 ಜೂನ್ 2025

ಪ್ರೀತಿಯ ಸುಂದರಿ,

ಎರಡು ತಿಂಗಳಾದರೂ ನಿನ್ನ ಉತ್ತರವಿಲ್ಲ. ಅದಕ್ಕೆ ನಾನೇನೂ ಅನ್ನುವಂತಿಲ್ಲ.

ಮರವಂತೆಯಲ್ಲಿ ಕಡಲ್ಕೊರೆತ ಎಂದು ಟೀವಿಯಲ್ಲಿ ತೋರಿಸಿದರು. ರಸ್ತೆಯ ಬದಿಗೆ ಉರುಳಿದ ತೆಂಗಿನ ಮರಗಳನ್ನು ಕಂಡೆ. ನಿಮ್ಮ ಮನೆ ಯಾವ ಬದಿಗೆ ಎಂಬುದೂ ನನಗೆ ಗೊತ್ತಿಲ್ಲ. ಸ್ನೇಹಲತಾಳ ಫೋನ್ ಹೋಗುತ್ತಿಲ್ಲ.

ಎಲ್ಲರೂ ಕ್ಷೇಮ ಎಂದು ಒಂದು ಗೆರೆ ಬರೆ. ಅಷ್ಟು ಸಾಕು.

ಕುಸುಮ


ಮರವಂತೆ
18 ಜುಲೈ 2025

ಕುಸುಮಕ್ಕನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ನಮ್ಮ ಮನೆ ಕಡಲ ಬದಿಗೇ. ಜೂನ್ ಮೂರನೇ ವಾರ ಅಂಗಳದ ಕೊನೆಯ ನಾಲ್ಕು ತೆಂಗಿನ ಮರ ಹೋದವು. ಹನ್ನೆರಡು ದಿನ ಸ್ನೇಹಲತಾಳ ತವರಿನಲ್ಲಿ, ಕೋಡಿಯಲ್ಲಿ ಇದ್ದೆವು. ಈಗ ಕಲ್ಲು ತಂದು ಹಾಕಿದ್ದಾರೆ, ಮನೆಗೆ ತಿರುಗಿ ಬಂದಿದ್ದೇವೆ. ಗೋಡೆಗೆ ಒಂದು ಬಿರುಕು ಬಿಟ್ಟಿದೆ. ಬೇರೇನಿಲ್ಲ. ರತನ್ ಗಂಗೊಳ್ಳಿಯಲ್ಲಿ ಬೋಟು ಕಟ್ಟಿಟ್ಟು ಮನೆಯಲ್ಲೇ ಇದ್ದ, ಅದು ಧೈರ್ಯ.

ನಿಮ್ಮ ಏಪ್ರಿಲ್ ಕಾಗದ ಟ್ರಂಕಿನಲ್ಲಿತ್ತು. ಮನೆ ಬಿಡುವಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ.

ಸಿಟ್ಟಿಲ್ಲ ಎಂದು ಬರೆಯಲು ಕುಳಿತು ಮೂರು ಕಾಗದ ಹರಿದೆ. ಸುಳ್ಳು ಬರೆಯಲು ಆಗಲಿಲ್ಲ. ಸಿಟ್ಟಿದೆ ಕುಸುಮಕ್ಕ. ಕಿವಿ ಹೋದದ್ದು ಮುಚ್ಚಿಟ್ಟದ್ದು ನನ್ನ ತಪ್ಪು. ಹೇಳಿದರೆ ಕಳಿಸುತ್ತೀರಿ ಎಂಬ ಹೆದರಿಕೆ. ಮಿಥುನ್ ಹೇಳಿದ್ದೂ ತಪ್ಪಲ್ಲ, ಆ ದಿನ ಏನಾದರೂ ಆಗಿದ್ದರೆ ನಾನೇ ಬದುಕುತ್ತಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಅವನ ಮೇಲೆ ಏನಿಲ್ಲ.

ಹೊರಡುವ ಮೊದಲು ನಿಮ್ಮ ಕೋಣೆಯ ಬಾಗಿಲು ತಟ್ಟಿದೆ. ನೀವು ಒಳಗಿಂದ ಏನಾದರೂ ಹೇಳಿದಿರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಬಾಗಿಲು ತೆರೆದಿದ್ದರೆ ಬಾಯಿ ನೋಡಿ ತಿಳಿಯುತ್ತಿದ್ದೆ. ಎಂಟು ತಿಂಗಳಿಂದ ಅದೊಂದೇ ಯೋಚನೆ. ಹೋಗು ಎಂದಿರಾ, ನಿಲ್ಲು ಎಂದಿರಾ, ಏನೂ ಹೇಳಲಿಲ್ಲವಾ? ಅಲ್ಲೇ ನಿಲ್ಲಬೇಕಾದವಳು ಕೇಳಿಸದೆ ಹೊರಟುಬಂದೆನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ನಿಜ ಏನೆಂದು ಬರೆಯಿರಿ.

ಸಿಟ್ಟಿದ್ದರೂ ಜಾಗ ಹೇಳದೆ ಇರಲಾರೆ. ಮಳೆಗಾಲದಲ್ಲಿ ಬೆಂಚು ಒದ್ದೆ, ಬಾಣಗಂಗೆಯ ಮೆಟ್ಟಿಲು ಪಾಚಿ, ಎರಡೂ ಬೇಡ. ಕಮಲಾ ನೆಹರೂ ಪಾರ್ಕಿನ ಎದುರು ಬಸ್‌ಸ್ಟಾಪಿನ ಮಾಡಿನ ಕೆಳಗೆ ನಿಲ್ಲಿ. ಮಳೆ ನಿಂತ ಕೂಡಲೇ ಪಾರ್ಕಿನ ಅಂಚಿಗೆ ಹೋಗಿ. ಮೋಡ ಕೆಳಗಿಂದ ಮೇಲಕ್ಕೆ ಬರುತ್ತದೆ. ಚೌಪಾಟಿ, ಮರೀನ್ ಡ್ರೈವ್ ಎಲ್ಲ ಮಾಯವಾಗಿ, ಮೊದಲು ಒಂದು ತುದಿ, ಆಮೇಲೆ ಇನ್ನೊಂದು ತುದಿ ಕಾಣಿಸಿಕೊಳ್ಳುತ್ತದೆ. ಕೊಡೆ ಮರೆಯಬೇಡಿ.

ಸುಂದರಿ


ಮಲಬಾರ್ ಹಿಲ್
4 ಆಗಸ್ಟ್ 2025

ಸುಂದರಿ,

ಇಲ್ಲ. ಏನೂ ಹೇಳಲಿಲ್ಲ.

ಹೇಳಿದೆ ಎಂದು ಬರೆದರೆ ಅದು ಸುಳ್ಳೆಂದು ಯಾರಿಗೂ ಗೊತ್ತಾಗುವುದಿಲ್ಲ. ನಿಲ್ಲು ಎಂದಿದ್ದೆ, ನಿನಗೆ ಕೇಳಿಸಲಿಲ್ಲ ಎಂದು ಬರೆದರೆ ನಿನ್ನ ಮನಸ್ಸಿಗೂ ಸ್ವಲ್ಪ ತಂಪಾಗುತ್ತಿತ್ತೇನೋ. ಎರಡು ದಿನ ಅದೇ ವಾಕ್ಯ ತಲೆಯಲ್ಲಿ ಓಡಾಡಿತು. ಆದರೆ ನೀನು ನಿಜ ಕೇಳಿದ್ದೀ.

ನೀನು ಮೂರು ಸಲ ತಟ್ಟಿದೆ. ನಾನು ಮಂಚದ ಮೇಲೆ ಕುಳಿತಿದ್ದೆ, ಹೊದಿಕೆಯ ಅಂಚು ಮುಷ್ಟಿಯಲ್ಲಿತ್ತು. ಬಾಯಿ ತೆರೆಯಲಿಲ್ಲ. ನೀನು ಕೇಳಿಸಿಕೊಳ್ಳದೆ ಹೋದದ್ದು ಏನೂ ಇಲ್ಲ. ಆ ಕೊರಗು ಇವತ್ತಿಗೆ ಬಿಡು. ಅದು ನಿನ್ನದಲ್ಲ, ನನ್ನದು.

ಮಿಥುನ್ ಹತ್ತಿರ ಮಾತಾಡಿದೆ. ಭಾನುವಾರ ಊಟಕ್ಕೆ ಬಂದಿದ್ದ. "ಅಮ್ಮ, ನಾನು ಕಳಿಸಿದ್ದು ನಿನಗೋಸ್ಕರ" ಎಂದ.

"ಹೌದು ಮಗಾ. ನಾನು ಸುಮ್ಮನಿದ್ದದ್ದು ಯಾರಿಗೋಸ್ಕರ ಎಂದು ಯೋಚನೆ ಮಾಡ್ತಾ ಇದ್ದೇನೆ" ಎಂದೆ.

ಅವನು ಎದ್ದು ತನ್ನ ತಟ್ಟೆ ತಾನೇ ತೊಳೆದಿಟ್ಟ. ಆಮೇಲೆ, "ಸುಂದರ್ಯಕ್ಕ ನನ್ನ ಕಾಗದ ಓದುತ್ತಾಳಾ?" ಎಂದು ಕೇಳಿದ. ಬರೆದರೆ ಓದುತ್ತಾಳೆ ಎಂದೆ. ಅವನ ಕನ್ನಡ ಅಕ್ಷರ ಹೇಗಿದೆಯೆಂದು ನಿನಗೆ ಗೊತ್ತು. ಬಂದರೆ ನಗಬೇಡ.

ಪತ್ರೊಡೆ ಮಾಡಿದೆ. ಮೊದಲ ಸಲ ತುರಿಕೆ ಉಳಿಯಿತು, ನನ್ನ ಗಂಟಲು ಎರಡು ದಿನ ಕೆರೆಯಿತು. ಎರಡನೆಯ ಸಲದ್ದನ್ನು ಉಲ್ಲಾಸ್‌ಗೆ ಕೊಟ್ಟೆ. ತಿಂದು, ಮೇಲೆ ಕೆಳಗೆ ನೋಡಿ, "ಈ ಸಲ ಕೈ ಬೇರೆ" ಎಂದ. ನಾನು ಎಲ್ಲ ಹೇಳಿಬಿಟ್ಟೆ. ಅವನಿಗೆ ಮೊದಲೇ ಅನುಮಾನವಿತ್ತಂತೆ, ಬಿಲ್ಡಿಂಗಿನ ಅಮ್ಮನ ಕೈ ಅಷ್ಟು ಚೆನ್ನಾಗಿರಲು ಸಾಧ್ಯವಿಲ್ಲ ಎಂದು!

ಪಾರ್ಕಿನ ಅಂಚಿನಲ್ಲಿ ಮೋಡ ಏರುವುದನ್ನು ನೋಡಿದೆ. ಕೊಡೆ ಮರೆತಿದ್ದೆ, ಪೂರ್ತಿ ನೆನೆದೆ. ಲಿಫ್ಟಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎಷ್ಟು ಖುಷಿಯಾಯಿತೆಂದರೆ ಹೇಳಲಾರೆ.

ನವೆಂಬರಿನಲ್ಲಿ ಗುಲ್ವಾಡಿಗೆ, ಅಣ್ಣನ ಮನೆಗೆ ಬರುತ್ತೇನೆ. ನಿನ್ನನ್ನು ನೋಡಲು ಬರಬಹುದೇ? ಬೇಡವೆಂದರೆ ಬೇಡ.

ಕುಸುಮ


ಮರವಂತೆ
1 ಅಕ್ಟೋಬರ್ 2025

ಕುಸುಮಕ್ಕನಿಗೆ ನಮಸ್ಕಾರಗಳು.

ಎರಡೂ ಕಾಗದ ಮುಟ್ಟಿದವು, ನಿಮ್ಮದೂ ಮಿಥುನನದೂ. ಅವನ "ಕ್ಷಮಿಸಿ"ಯಲ್ಲಿ ಒತ್ತಕ್ಷರ ತಪ್ಪಿದೆ. ಆದರೂ ಸ್ನೇಹಲತಾಳಿಗೆ ಎರಡು ಸಲ ಓದಿ ತೋರಿಸಿದೆ.

ನೀವು ನಿಜ ಬರೆದದ್ದಕ್ಕೆ ಅವತ್ತು ಅತ್ತೆ. ಆಮೇಲೆ ನಿದ್ರೆ ಚೆನ್ನಾಗಿ ಬರುತ್ತಿದೆ.

ಬನ್ನಿ. ಬರುವ ಮೊದಲು ರತನ್‌ನ ನಂಬರಿಗೆ ತಿಳಿಸಿ, ಮೀನು ನೋಡಿ ತರಿಸಬೇಕು.

ಸುಂದರಿ


ಗುಲ್ವಾಡಿ
23 ನವೆಂಬರ್ 2025

ನನ್ನ ಪ್ರೀತಿಯ ಸುಂದರಿ,

ನಾಡಿದ್ದು ಮುಂಬಯಿಗೆ ಹೊರಡುತ್ತೇನೆ. ಹೋಗುವ ಮೊದಲು ಇದನ್ನು ಬರೆದು ಇಲ್ಲಿಯ ಡಬ್ಬಿಗೇ ಹಾಕಬೇಕು ಎನಿಸಿತು. ಮೊನ್ನೆ ನಿನ್ನ ಮನೆಗೆ ಬಂದಾಗ ನಿನಗೆ ಕೇಳಿಸದೆ ಹೋದ ಮಾತುಗಳಿದ್ದವು. ನಿನಗೆ ಅವು ಸಲ್ಲಬೇಕು.

ನಾನು ಬಸ್ಸಿನಿಂದ ಇಳಿದಾಗ ಸ್ನೇಹಲತಾ ಬಾಗಿಲಲ್ಲಿ ನಿಂತು, "ಹ್ವಾಯ್, ಅವ್ರ್ ಕಾರಂಗ್ ಬಪ್ಪುದಲ್ದಾ? ಬಸ್ಸಂಗ್ ಬಂದ್ರ್ ಕಾಣಿ!" ಎಂದು ರತನ್‌ಗೆ ಕೂಗಿದಳು. ಮನೆಯೊಳಗಿನ ಒಂದೇ ಕುರ್ಚಿಯನ್ನು ಒರೆಸಿದ್ದು ಸೆರಗಿನಿಂದ. ನಾನು ಕುರ್ಚಿ ಬಿಟ್ಟು ನಿನ್ನ ಪಕ್ಕ ಚಾಪೆಯ ಮೇಲೆ ಕುಳಿತಾಗ ಅವಳು ಒಳಗೆ ಹೋಗಿ ಮೆಲ್ಲಗೆ, "ಅತ್ತಿ ಮುಖ ಕಾಣಿ, ಹ್ಯಾಂಗ್ ಆಯಿತ್" ಎಂದಳು. ಅವಳ ದನಿಯಲ್ಲಿ ಅಳು ಇತ್ತು. ಆ ಹುಡುಗಿ ನಿನ್ನನ್ನು ತುಂಬ ಪ್ರೀತಿಸುತ್ತಾಳೆ ಸುಂದರಿ. ನಿನ್ನ ಎದುರು ಗದರಿಸುವುದು ಹೆದರಿಕೆಯಿಂದ.

ಊಟವಾದ ಮೇಲೆ ನಾನು, "ಸುಂದರಿ, ನನ್ನ ಮುಖ ಕಾಣ್. ಹೊಳಿ ಬದಿಗೆ ಹೋಪ, ಬಾ" ಎಂದೆನಲ್ಲ, ನೀನು ತುಟಿ ನೋಡಿ ತಲೆ ಅಲ್ಲಾಡಿಸಿ, "ರಸ್ತಿ ದಾಂಟುಕಾಗ ನಾನ್" ಎಂದೆ. ಆಗ ಸ್ನೇಹಲತಾ ಹೇಳಿದಳು: "ಅವ್ರಿಗೆ ಹಾರ್ನ್ ಕೇಂತಿಲ್ಲ ಅಮ್ಮ. ಒಂದಿನ ಲಾರಿ ಹತ್ರ ಹತ್ರ ಬಂದಿತ್. ಅವತ್ತಿಂದ ನಾ ಬಿಡುದಿಲ್ಲ." ಒಂದು ವರ್ಷದಿಂದ ನೀನು ರಸ್ತೆಯ ಆಚೆ ಬದಿ ನೋಡಿಲ್ಲವಂತೆ. ಒಂದು ಬದಿಗೆ ನಿನಗೆ ಹೆದರಿಕೆ ಹುಟ್ಟಿಸುವ ಕಡಲು, ಇನ್ನೊಂದು ಬದಿಗೆ ದಾಟಲಾಗದ ರಸ್ತೆ, ಅದರಾಚೆ ಹೊಳೆ. ನೀನು ಕಾಗದದಲ್ಲಿ ಇದನ್ನು ಬರೆದೇ ಇರಲಿಲ್ಲ.

ನಾನು ನಿನ್ನ ಕೈ ಹಿಡಿದು ರಸ್ತೆಗೆ ಇಳಿದೆ. ನಾಲ್ಕು ಲೈನಿನ ರಸ್ತೆ, ನನ್ನ ಈ ಮಂಡಿ. ನೀನು ಕಣ್ಣು ಮುಚ್ಚಿಕೊಂಡಿದ್ದೆ, ನಾನು ಕಂಡೆ. ಅರ್ಧ ದಾಟುವಾಗ ಮೀನಿನ ಲಾರಿಯವನು ಬ್ರೇಕು ಹಾಕಿ ತಲೆ ಹೊರಗೆ ಹಾಕಿ, "ಹ್ವಾಯ್ ಅಜ್ಜಿಯಂದ್ರೇ, ರಸ್ತಿ ಎಂತ ನಿಮ್ದಾ?" ಎಂದು ಕೂಗಿದ.

"ಹೌದಾ, ನಮ್ದೇ! ನೀ ನಿಲ್ಸ್!" ಎಂದು ನಾನು ಕೂಗಿದೆ. ನಾನು, ಕುಸುಮಾವತಿ ಶೆಟ್ಟಿ, ಹೆದ್ದಾರಿಯ ನಡುವೆ ನಿಂತು! ಲಾರಿಯವನು ನಕ್ಕುಬಿಟ್ಟ. ಹಿಂದಿನ ಕಾರಿನವನೂ ನಿಲ್ಲಿಸಿದ. ಆ ಬದಿ ಮುಟ್ಟಿದ ಮೇಲೆ ನಾನು ಯಾಕೆ ಅಷ್ಟು ನಗುತ್ತಿದ್ದೇನೆ ಎಂದು ನೀನು ಕೇಳಿದೆ. ಉಸಿರು ಸಿಗದೆ ಹೇಳಲಾಗಲಿಲ್ಲ. ಇದಕ್ಕೇ.

ಆಮೇಲೆ ಹೊಳೆಯ ದಂಡೆ. ನಾನು ಗುಲ್ವಾಡಿಯಲ್ಲಿ ಹೊಳೆಯ ಬದಿಗೇ ಹುಟ್ಟಿದವಳಾದ್ದರಿಂದ ಒಂದು ವಿಷಯ ಗೊತ್ತಿತ್ತು, ಹೊಳೆಗೆ ಕಿವಿ ಬೇಡ. ದೋಣಿ ಹೋದರೂ ಸದ್ದಿಲ್ಲ, ನೀರು ಏರಿದರೂ ಸದ್ದಿಲ್ಲ. ನಿನಗೆಷ್ಟು ಕೇಳಿಸುತ್ತದೋ ನನಗೂ ಅಷ್ಟೇ. ನೀನು ಕಾಲು ಚಾಚಿ, ನೀರಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿ ಕುಳಿತೆ. ನಾನು ಮಾತಾಡಿದೆ, ನೀನು ನನ್ನ ಮುಖ ನೋಡಿದೆ. ಎಷ್ಟು ಹೊತ್ತು ನೋಡಿದೆ! ಮೂವತ್ತೊಂದು ವರ್ಷದಲ್ಲಿ ನಾವಿಬ್ಬರೂ ಹಾಗೆ ಮುಖಾಮುಖಿ ಕುಳಿತದ್ದು ಅದೇ ಮೊದಲು ಅಲ್ಲವೇ? ನಿನ್ನ ಬಲಗಣ್ಣಿನ ಕೆಳಗೆ ಒಂದು ಮಚ್ಚೆ ಇದೆ. ನನಗೆ ಗೊತ್ತಿರಲಿಲ್ಲ.

ನಾನು ಹೊರಟ ಮೇಲೆ ಬಸ್‌ಸ್ಟಾಪಿನವರೆಗೆ ಬಂದ ಸ್ನೇಹಲತಾ, "ಇನ್ ದಿನಾ ನಾಲ್ಕ್ ಗಂಟಿಗೆ ನಾನೇ ದಾಂಟ್ಸಿ ಬಿಡ್ತೆ ಅಮ್ಮ" ಎಂದಳು. ಮಾಡುತ್ತಿದ್ದಾಳೆಯೇ?

ಜನವರಿಯಲ್ಲಿ ಮುಂಬಯಿಗೆ ಬಾ. ಕೆಲಸಕ್ಕಲ್ಲ. ಅಡುಗೆಗೆ ಬೇರೆಯವಳು ಬರುತ್ತಾಳೆ. ಪ್ರಫುಲ್ಲಾತಾಯಿ ವಾರಕ್ಕೊಮ್ಮೆ ಕೇಳುತ್ತಾಳೆ. ಉಲ್ಲಾಸ್ ಮಾರ್ಚಿಗೆ ಕೆಲಸದಿಂದ ನಿವೃತ್ತನಾಗಿ ಊರಿಗೆ ಹೋಗುತ್ತಾನಂತೆ, ಅದಕ್ಕೆ ಮೊದಲು ನಿನ್ನನ್ನೊಮ್ಮೆ ನೋಡಬೇಕಂತೆ. ನನಗೂ ನೋಡಬೇಕು.

ನಿನ್ನ
ಕುಸುಮಕ್ಕ


ಮರವಂತೆ
14 ಡಿಸೆಂಬರ್ 2025

ಪ್ರೀತಿಯ ಕುಸುಮಕ್ಕನಿಗೆ ನಮಸ್ಕಾರಗಳು.

ಸ್ನೇಹಲತಾ ದಿನಾ ದಾಟಿಸುತ್ತಾಳೆ. ಈಗೀಗ ಅವಳೂ ಬಂದು ಕೂರುತ್ತಾಳೆ. ಲಾರಿಯವನ ಕಥೆ ಓದಿ ಹೇಳಿದೆ. ಅವಳು ನಕ್ಕದ್ದು ನನಗೆ ಕೇಳಿಸದಿದ್ದರೂ, ಪಕ್ಕದ ಮನೆಯ ಬಾಗಿಲು ತೆರೆದು ಇಬ್ಬರು ಇಣುಕಿದರು.

ಜನವರಿಗೆ ಬರುತ್ತೇನೆ. ಆದರೆ ಎರಡು ಮಾತು ಮೊದಲೇ ಹೇಳುತ್ತೇನೆ, ಸಿಟ್ಟು ಮಾಡಬಾರದು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಾನು ಮಲಗುವುದಿಲ್ಲ. ಮುಂದಿನ ಕೋಣೆ, ನೆಂಟರು ಬಂದರೆ ಕೊಡುವುದು, ಅದರ ಕಿಟಕಿಯನ್ನು ಮೂವತ್ತೊಂದು ವರ್ಷ ಒರೆಸಿದ್ದೇನೆ. ಒಂದು ದಿನವೂ ಅಲ್ಲಿಂದ ಬೆಳಗಾಗುವುದನ್ನು ನೋಡಿಲ್ಲ. ಅದು ಬೇಕು. ಎರಡನೆಯದು, ಬೆಳಗ್ಗೆ ಚಹಾ ನೀವು ಮಾಡಬೇಕು. ಚೆನ್ನಾಗಿ ಆಗದಿದ್ದರೂ ಕುಡಿಯುತ್ತೇನೆ.

ರತನ್ ಫೋನಿನಲ್ಲೇ ಟಿಕೆಟು ತೆಗೆದ. ತೆಗೆಯುವಾಗ ನನ್ನ ಎದುರು ಬಂದು, "ಅತ್ತಿ, ತಿರ್ಗಿ ಬಪ್ಪುದ್ ಯಾವಾಗ?" ಎಂದು ಕೇಳಿದ. ತೊಂಬತ್ಮೂರರಲ್ಲಿ ಕುಂದಾಪುರದಲ್ಲಿ ಮುಂಬಯಿ ಬಸ್ಸು ಹತ್ತಿದಾಗ ತಿರುಗಿ ಬರುವುದು ಯಾವಾಗ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕಳೆದ ವರ್ಷ ಮಿಥುನ್ ಕೈಗೆ ಕೊಟ್ಟದ್ದೂ ಒಂದೇ ಟಿಕೆಟು.

ಈ ಸಲ ಎರಡೂ ತೆಗೆಸಿದ್ದೇನೆ. ಹನ್ನೊಂದಕ್ಕೆ ಅಲ್ಲಿ ಇಳಿಯುತ್ತೇನೆ, ಇಪ್ಪತ್ತಾರಕ್ಕೆ ಹೊರಡುತ್ತೇನೆ. ಕುರ್ಲಾ ಸ್ಟೇಷನ್ನಿಗೆ ಕಾರು ಕಳಿಸಿ. ಕಾರಿನಲ್ಲಿ ನೀವೂ ಬನ್ನಿ.

ನಿಮ್ಮ
ಸುಂದರಿ